ಅಣ್ಣನ ಅಂಗಿಗಳ ಕೌದಿ

ಮಾರ್ಚ್ ೪

ಮೇಲೆ ಏನೆಂದು ಬರೆಯಬೇಕೋ ತಿಳಿಯದೆ ಖಾಲಿ ಬಿಟ್ಟಿದ್ದೇನೆ. ಅತ್ತಿಗೆ ಎಂದು ಬರೆಯಲು ಕೈ ಬರುವುದಿಲ್ಲ. ನನ್ನ ಅಣ್ಣನ ತಲೆಯನ್ನು ಇಸ್ತ್ರಿ ಪೆಟ್ಟಿಗೆಯಿಂದ ಜಜ್ಜಿದವಳನ್ನು ಅತ್ತಿಗೆ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ನೀನೂ ನನ್ನನ್ನು ಮೊದಲಿನ ಹಾಗೆ ಕತ್ತರಿ ಎಂದು ಕರೆಯಬೇಡ. ಆ ಸಲಿಗೆ ಅಂದಿಗೇ ಮುಗಿಯಿತು.

ನಿಮ್ಮ ಮನೆ ಖಾಲಿ ಮಾಡಿದ್ದಾಯಿತು. ಮಾಲೀಕ ಬಾಗಿಲಲ್ಲೇ ನಿಂತು, ಆ ಕೋಣೆಯ ನೆಲ ಎಷ್ಟು ತಿಕ್ಕಿದರೂ ಕಲೆ ಹೋಗುತ್ತಿಲ್ಲ ಎಂದು ಗೊಣಗುತ್ತಿದ್ದ. ನನ್ನ ಅಣ್ಣನ ರಕ್ತ ಅವನಿಗೆ ಬರೀ ಕಲೆ! ದೊಡ್ಡಣ್ಣ ಮಂಚ, ಬೀರು, ಗೋಡೆ ಗಡಿಯಾರ ಸಾಗಿಸಿದ. ನಾನು ಅಣ್ಣನ ಅಂಗಿಗಳನ್ನು ತಂದೆ. ಟ್ರಂಕಿನ ತುಂಬ ಇವೆ. ಎಲ್ಲವೂ ನನ್ನ ಅಂಗಡಿಯಲ್ಲೇ ಹೊಲಿದವು. ಕಾಲರ್ ನೋಡಿದರೆ ಸಾಕು, ಯಾವ ವರ್ಷದ್ದು ಎಂದು ಹೇಳಬಲ್ಲೆ.

ಇವುಗಳಿಂದ ನಿನ್ನ ಮಗಳಿಗೆ ಒಂದು ಕೌದಿ ಮಾಡಬೇಕೆಂದಿದ್ದೇನೆ. ಅಪ್ಪನನ್ನು ಕಳೆದುಕೊಂಡ ಮಗು ಅಪ್ಪನ ಅಂಗಿಯನ್ನಾದರೂ ಹೊದ್ದು ಮಲಗಲಿ. ಆದರೆ ಟೈಮ್ ಎಲ್ಲಿದೆ? ಬೆಳಿಗ್ಗೆಯಿಂದ ಪ್ಯಾಂಟ್ ಮಡಚುವುದು, ಜಿಪ್ ಹಾಕುವುದು, ಇನ್ನೊಬ್ಬರ ಹೊಟ್ಟೆ ಬೆಳೆದಂತೆ ಸೊಂಟ ಬಿಚ್ಚುವುದು. ಮಧ್ಯಾಹ್ನ ಶಟರನ್ನು ಅರ್ಧ ಎಳೆದು, ಗಿರಾಕಿಗಳು ಅಂಗಡಿ ಮುಚ್ಚಿದೆ ಎಂದುಕೊಳ್ಳುವ ಹೊತ್ತಿನಲ್ಲಿ ಕದ್ದು ಕೂತು ತುಂಡುಗಳನ್ನು ಜೋಡಿಸುತ್ತಿದ್ದೇನೆ. ಮೇಲಿನ ಪದರ ಆದೀತು. ಪದರಗಳನ್ನು ಹಿಡಿದಿಡುವ ಕೈಹೊಲಿಗೆ ನನ್ನಿಂದಾಗದು.

ಅಲ್ಲಿ ಜೈಲಿನಲ್ಲಿ ಹೊಲಿಗೆಯ ಹಾಲ್ ಇದೆಯಂತೆ. ಕೈಹೊಲಿಗೆ ನೀನು ಹಾಕು. ನಿನ್ನ ಹೊಲಿಗೆ ನನ್ನದಕ್ಕಿಂತ ಚೆನ್ನ ಎಂದು ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ, ಆದರೂ ಅದು ನಿಜ. ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ಅವನ ಒಂದೊಂದು ಅಂಗಿಯೂ ನಿನ್ನ ಕೈ ಕೆಳಗೆ ಹಾದುಹೋಗಬೇಕು. ನ್ಯಾಯಾಧೀಶರು ಕೊಟ್ಟದ್ದು ಸಾಲದು. ಇದು ನಾನು ಕೊಡುವ ಶಿಕ್ಷೆ.

ನಿನ್ನ ಮೊಂಡಿ ನನ್ನ ಹತ್ತಿರ ಚೆನ್ನಾಗಿದ್ದಾಳೆ. ಹೊಟ್ಟೆ ತುಂಬ ಉಣ್ಣುತ್ತಾಳೆ, ಶಾಲೆಗೆ ಹೋಗುತ್ತಾಳೆ. ನಿನ್ನನ್ನು ಕೇಳುವುದಿಲ್ಲ.

ನಾದಿನಿ


ಮಾರ್ಚ್ ೧೯

ನಾದಿನಿಗೆ,

ಕತ್ತರಿ ಎನ್ನಬೇಡ ಎಂದಿದ್ದೀಯ, ಎನ್ನುವುದಿಲ್ಲ. ಆದರೆ ಪತ್ರ ಓದುವಾಗ ಕಚಕಚ ಸದ್ದು ಕೇಳಿಸಿತಪ್ಪ, ಅದಕ್ಕೆ ನಾನೇನು ಮಾಡಲಿ.

ಟೈಮ್ ಇಲ್ಲ ಎಂದು ಬರೆದಿದ್ದೀಯ. ಓದಿ ಒಬ್ಬಳೇ ನಕ್ಕೆ. ಹಾಲು ಕಾಯುವಷ್ಟರಲ್ಲಿ ಒಂದು ಸಾಲು, ನಿಮ್ಮಣ್ಣ ಸ್ನಾನಕ್ಕೆ ಹೋದಾಗ ಒಂದು ಸಾಲು, ಹೆಜ್ಜೆ ಸದ್ದು ಕೇಳಿದರೆ ಎಲ್ಲವೂ ಮಂಚದ ಕೆಳಗೆ. ಹಾಗೆ ಹೊಲಿದವಳು ನಾನು. ಈಗ ಟೈಮನ್ನು ಕೈತುಂಬ ಕೊಟ್ಟಿದ್ದಾರೆ. ಸೂಜಿಯನ್ನು ಮಾತ್ರ ಎಣಿಸಿ ಕೊಡುತ್ತಾರೆ, ಎಣಿಸಿ ತೆಗೆದುಕೊಳ್ಳುತ್ತಾರೆ. ಕತ್ತರಿಗೆ ಸರಪಳಿ ಹಾಕಿ ಮೇಜಿಗೆ ಕಟ್ಟಿದ್ದಾರೆ. ನಾಯಿಗೆ ಕಟ್ಟುತ್ತಾರಲ್ಲ, ಹಾಗೆ.

ಕಟ್ಟುವುದಕ್ಕೆ ಕಾರಣವಿದೆ. ಕಳೆದ ತಿಂಗಳು ಒಂದು ಉಂಡೆ ಕೆಂಪು ದಾರಕ್ಕಾಗಿ ಒಬ್ಬಳು ಇನ್ನೊಬ್ಬಳ ಕೆನ್ನೆಯನ್ನು ಬ್ಲೇಡಿನಿಂದ ಕಿವಿಯವರೆಗೆ ಸೀಳಿದಳು. ಒಳಗಿನ ಹಲ್ಲು ಹೊರಗಿನಿಂದ ಕಾಣುತ್ತಿತ್ತು. ರಕ್ತ ಬಿದ್ದ ದಿಂಬಿನ ಚೀಲಗಳನ್ನು ತೊಳೆದು ಮತ್ತೆ ನಮಗೇ ಹೊಲಿಯಲು ಕೊಟ್ಟರು. ಇಲ್ಲಿ ಹಾಲ್ ಆಳುವವಳು ಗೂಳಿ ಎಂಬ ಹೆಂಗಸು. ಅವಳು ಕೂತ ಮೇಲೆಯೇ ಉಳಿದವರು ಕೂರಬೇಕು. ನನ್ನ ತಂಟೆಗೆ ಇನ್ನೂ ಬಂದಿಲ್ಲ. ಗಂಡನನ್ನು ಕೊಂದವಳು ಎಂದರೆ ಇಲ್ಲಿ ಸ್ವಲ್ಪ ಮರ್ಯಾದೆ.

ಶಿಕ್ಷೆ ಒಪ್ಪಿದೆ. ಕೌದಿ ಕಳಿಸು. ವಿನ್ಯಾಸ ಏನು ಮಾಡಲಿ ಎಂದು ತಲೆ ಕೆಡಿಸಿಕೊಳ್ಳಬೇಡ. ತುಂಡುಗಳನ್ನು ನೆಲದ ಮೇಲೆ ಹರಡಿ ಒಂದು ದಿನ ಸುಮ್ಮನೆ ಬಿಡು, ಓಡಾಡುವಾಗ ಕಾಲಿಗೆ ಸಿಕ್ಕಂತೆ ಅವೇ ಜಾಗ ಹೇಳುತ್ತವೆ. ಒಂದೇ ಒಂದು ಮಾತು. ಆ ಕಂದು ಚೌಕಳಿ ಅಂಗಿ ಹಾಕಬೇಡ. ಅದು ಬಣ್ಣ ಬಿಡುತ್ತದೆ.

ಮಗು ಊಟ ಮಾಡುವಾಗ ಎಡಗೈಯಲ್ಲಿ ಕಿವಿ ಹಿಡಿದುಕೊಳ್ಳುತ್ತದೆಯೇ, ಈಗಲೂ? ಕೇಳುವ ಹಕ್ಕಿಲ್ಲ, ಗೊತ್ತು. ಕೇಳುತ್ತಿದ್ದೇನೆ.

ಅತ್ತಿಗೆ


ಏಪ್ರಿಲ್ ೨

ಬಟ್ಟೆಯ ವಿಷಯದಲ್ಲೂ ಸುಳ್ಳು ಹೇಳುತ್ತೀಯಲ್ಲ! ಕಂದು ಚೌಕಳಿಯನ್ನು ಕುದಿಯುವ ನೀರಿನಲ್ಲಿ ಅದ್ದಿದೆ. ಒಂದು ಹನಿ ಬಣ್ಣ ಬಿಡಲಿಲ್ಲ. ಆ ಬಟ್ಟೆಯನ್ನು ಅಂಗಡಿಯಲ್ಲಿ ಆರಿಸಿದವಳು ನಾನು, ಅದರ ಗುಣ ನೀನು ನನಗೆ ಹೇಳಿಕೊಡುತ್ತೀಯ? ಅಣ್ಣನಿಗೆ ಅದು ಎಷ್ಟು ಒಪ್ಪುತ್ತಿತ್ತು ಎಂಬುದು ನಿನಗೆ ನೆನಪಾಗಬಾರದು, ಅಷ್ಟೇ ತಾನೇ? ನೆನಪಾಗಲಿ ಎಂದೇ ಅದನ್ನು ಕೌದಿಯ ನಟ್ಟನಡುವೆ ಹಾಕಿದ್ದೇನೆ.

ಇವತ್ತು ಪಾರ್ಸಲ್ ಮಾಡಿದೆ. ಇಸ್ತ್ರಿ ಮಾಡಿ, ಮಡಚಿ, ಕಾಗದ ಸುತ್ತಿ ಕಳಿಸಿದ್ದೇನೆ.

ದೊಡ್ಡಣ್ಣ ಬಂದಿದ್ದ. ಪರೀಕ್ಷೆ ಮುಗಿದ ಮೇಲೆ ಮೊಂಡಿ ತನ್ನ ಮನೆಯಲ್ಲೇ ಇರಲಿ ಎನ್ನುತ್ತಾನೆ. ಅವನದು ದೊಡ್ಡ ಮನೆ. ನನ್ನದು ಅಂಗಡಿಯ ಹಿಂದೆ ಒಂದೇ ಕೋಣೆ, ಅದರಲ್ಲೂ ಅರ್ಧ ಬಟ್ಟೆಯ ಗಂಟು. ಹೌದೆನಿಸುತ್ತದೆ. ಅವನು ಬಂದಾಗೆಲ್ಲ ಮೊಂಡಿ ಕತ್ತರಿಸುವ ಮೇಜಿನ ಕೆಳಗೆ ಸೇರಿಕೊಳ್ಳುತ್ತಾಳೆ. ಎಂಟು ವರ್ಷವಾದರೂ ನಾಚಿಕೆ ಬಿಟ್ಟಿಲ್ಲ. ಅಲ್ಲಿ ಹೋದರೆ ಅಭ್ಯಾಸವಾಗುತ್ತದೆ.

ಕಿವಿ ಹಿಡಿದುಕೊಳ್ಳುತ್ತಾಳೆ.

ನಾದಿನಿ


ಏಪ್ರಿಲ್ ೨೦

ನಾದಿನಿಗೆ,

ಕೌದಿ ಬಂತು. ನಿನ್ನ ಮಾತು ಅರ್ಥವಾಯಿತು.

ಒಂದು ತುಂಡನ್ನೂ ಬಿಡದೆ ಸೀಳಿದ್ದೀಯ. ನಡುವಿನ ಚೌಕಳಿಯನ್ನು ಈ ಮೂಲೆಯಿಂದ ಆ ಮೂಲೆಗೆ. ಹೊಸ ಬ್ಲೇಡ್ ಇರಬೇಕು, ಎಳೆ ಕೂಡ ಎದ್ದಿಲ್ಲ. ನನ್ನನ್ನೂ ಹೀಗೇ ಸೀಳಬೇಕು ಎಂದು ತಾನೇ? ಬಾಯಲ್ಲಿ ಹೇಳಬಹುದಿತ್ತು. ಇಷ್ಟು ಚೆಂದದ ಜೋಡಣೆಯನ್ನು ಹಾಳು ಮಾಡಬೇಕಾಗಿರಲಿಲ್ಲ.

ಹಾಲ್‌ನಲ್ಲಿ ಬಿಚ್ಚಿದಾಗ ಗೂಳಿ ಸೀಳಿನೊಳಗೆ ಬೆರಳು ತೂರಿಸಿ ಆಡಿಸಿದಳು. “ಏನಮ್ಮಾ, ಗಂಡನ ಹೆಣಾನೇ ಪಾರ್ಸಲ್ ಮಾಡಿ ಕಳಿಸವ್ರಾ?” ಎಂದಳು. ಎಲ್ಲರೂ ನಕ್ಕರು. ನಾನು ಅವಳ ಕೂದಲು ಹಿಡಿದು ಮುಖವನ್ನು ಮೇಜಿಗೆ ಅಪ್ಪಳಿಸಿದೆ. ಮೂಗು ಒಡೆಯಿತು. ಆಗ ನನಗೆ ಏನೂ ಅನಿಸಲಿಲ್ಲ. ಕೌದಿಯ ಮೇಲೆ ರಕ್ತ ಬೀಳಬಾರದು ಎಂದು ಎಡಗೈಯಲ್ಲಿ ಅದನ್ನು ಆಚೆ ಸರಿಸಿದ್ದು ಮಾತ್ರ ನೆನಪಿದೆ.

ಸೀಳುಗಳನ್ನು ಒಂದೊಂದಾಗಿ ಕೂಡಿಸುತ್ತಿದ್ದೇನೆ. ಕೂತು ಹೊಲಿಯಲಾಗುತ್ತಿಲ್ಲ, ನಿಂತು ಹೊಲಿಯುತ್ತಿದ್ದೇನೆ. ಬಚ್ಚಲಲ್ಲಿ ಜಾರಿಬಿದ್ದೆ, ಪಕ್ಕೆಲುಬು ನೋಯುತ್ತದೆ.

ನಿನ್ನ ಕಾಲಿಗೆ ಬೀಳುತ್ತೇನೆ, ಮಗುವನ್ನು ದೊಡ್ಡಣ್ಣನ ಮನೆಗೆ ಕಳಿಸಬೇಡ. ನಾನು ಹೇಳಿದರೆ ನೀನು ನಂಬುವುದಿಲ್ಲ. ನಿನ್ನ ಅಣ್ಣಂದಿರೆಂದರೆ ನಿನಗೆ ಮೊದಲಿನಿಂದಲೂ ದೇವರು. ಆದರೆ ನಿನ್ನ ದೊಡ್ಡತ್ತಿಗೆ ನಿನ್ನ ಹತ್ತಿರವೇ ಬಟ್ಟೆ ಹೊಲಿಸುತ್ತಾರಲ್ಲ. ಸುಡುವ ಸೆಕೆಯಲ್ಲೂ ತುಂಬುತೋಳು ಏಕೆ ಇಡಿಸುತ್ತಾರೆ? ಅಳತೆ ತೆಗೆಯುವಾಗ ಒಂದು ದಿನವಾದರೂ ತೋಳು ಮೇಲಕ್ಕೆ ಸರಿಸಿ ನೋಡಿದ್ದೀಯಾ?

ನನ್ನನ್ನು ಸೀಳು, ಸುಡು. ಅವಳನ್ನು ನಿನ್ನ ಹತ್ತಿರವೇ ಇಟ್ಟುಕೋ.

ಅತ್ತಿಗೆ


ಮೇ ೧

ನಾನು ಸೀಳಿದೆನಾ? ತಲೆ ನೆಟ್ಟಗಿದೆಯಾ ನಿನಗೆ?

ನಾನು ದರ್ಜಿ. ಹೊಲಿದು ಹೊಟ್ಟೆ ಹೊರೆಯುವವಳು. ನನ್ನ ಕೈಯಾರೆ ಜೋಡಿಸಿದ್ದನ್ನು, ಅದೂ ಅಣ್ಣನ ಅಂಗಿಗಳನ್ನು, ನಾನೇ ಬ್ಲೇಡ್ ಹಾಕಿ ಹರಿಯುತ್ತೇನಾ? ನಿನ್ನ ಪತ್ರ ಕೈಯಲ್ಲಿ ಹಿಡಿದುಕೊಂಡೇ ಬಸ್ಸು ಹತ್ತಿ ನಿಮ್ಮ ಗೇಟಿಗೆ ಬಂದೆ. ಪಾರ್ಸಲ್ ಕಿಟಕಿಯಲ್ಲಿ ಒಬ್ಬ ಕೂತು ಬಾಳೆಹಣ್ಣು ತಿನ್ನುತ್ತಿದ್ದ. ಕೇಳಿದೆ. “ಕೌದಿ, ದಿಂಬು ಏನೇ ಬರ್ಲಿ, ಸೀಳಿ ನೋಡ್ತೀವಮ್ಮಾ. ಒಳಗೆ ಏನೇನೋ ತುಂಬ್ಕೊಂಡ್ ಬರ್ತಾರೆ” ಎಂದ. “ಹೊಲಿಗೆ ಬಿಚ್ಚಿ ನೋಡಬಹುದಿತ್ತಲ್ಲ” ಎಂದೆ. “ನಮಗೆಲ್ಲಿದೆ ಟೈಮು” ಎಂದ. ಆ ಕಿಟಕಿಯ ಕಂಬಿಯೊಳಗೆ ಕೈ ಹಾಕಿ ಅವನ ಬಾಯಿಗೆ ಸಿಪ್ಪೆ ತುರುಕಬೇಕು ಎನಿಸಿತು. ಅಲ್ಲಿಯವರೆಗೆ ಬಂದವಳು ನಿನ್ನನ್ನು ನೋಡದೆ ವಾಪಸು ಬಂದೆ.

ನೀನು ನನ್ನ ಬಗ್ಗೆ ಇಷ್ಟು ಕೀಳಾಗಿ ಯೋಚಿಸಿದೆಯಲ್ಲ, ಅದೇ ನೋವು. ಬಚ್ಚಲಲ್ಲಿ ಬಿದ್ದೆಯಂತೆ. ನೀನು ಯಾವಾಗಲೂ ಬಚ್ಚಲಲ್ಲಿ ಜಾರುವವಳೇ. ಮದುವೆಯಾದಾಗಿನಿಂದ ಎಷ್ಟು ಸಲ ಜಾರಿದೆಯೋ. ಅಣ್ಣನೂ ಹೇಳುತ್ತಿದ್ದ, ಇವಳಿಗೆ ಕಾಲಿನ ಮೇಲೆ ನಿಗಾ ಇಲ್ಲ ಎಂದು.

ದೊಡ್ಡತ್ತಿಗೆಗೆ ಬಿಸಿಲು ಆಗುವುದಿಲ್ಲ, ಚರ್ಮ ಕೆಂಪಾಗುತ್ತದೆ. ಅದಕ್ಕೇ ತುಂಬುತೋಳು. ಅವರೇ ಹೇಳಿದ್ದಾರೆ. ಒಬ್ಬ ಅಣ್ಣನನ್ನು ಕೊಂದದ್ದು ಸಾಲದು ಎಂದು ಇನ್ನೊಬ್ಬನ ಮೇಲೆ ಕೆಸರು ಎರಚಬೇಡ. ಮೇ ಕೊನೆಗೆ ಮೊಂಡಿ ಅಲ್ಲಿಗೆ ಹೋಗುತ್ತಾಳೆ. ಮಾತು ಕೊಟ್ಟಾಗಿದೆ.

ನಾದಿನಿ


ಮೇ ೧೧

ನಾದಿನಿಗೆ,

ಸೀಳಿದ್ದು ನೀನಲ್ಲ ಎಂದು ಓದಿ ಎಷ್ಟು ಹಗುರಾದೆ ಎಂದರೆ, ಅವತ್ತು ಎರಡು ಸಲ ಊಟ ಮಾಡಿದೆ. ನಿನ್ನ ಬಗ್ಗೆ ಹಾಗೆ ಎಣಿಸಬಾರದಿತ್ತು. ಇಲ್ಲಿದ್ದರೆ ಎಲ್ಲರ ಕೈಯಲ್ಲೂ ಬ್ಲೇಡ್ ಕಾಣುತ್ತದೆ.

ಕೌದಿ ಮುಗಿಸಿ ಕಳಿಸುತ್ತಿದ್ದೇನೆ. ಸೀಳಿದ ಕಡೆಯೆಲ್ಲ ಒತ್ತಾಗಿ ಹೊಲಿದಿದ್ದೇನೆ, ಇನ್ನು ಎಳೆದರೂ ಹರಿಯದು. ನಡುವಿನ ಚೌಕಳಿಯ ಮೇಲೆ ಮಾತ್ರ ಇಲ್ಲಿ ನಮಗೆ ಕೊಡುವ ಬಿಳಿ ಬಟ್ಟೆಯ ತುಂಡೊಂದನ್ನು ಹಚ್ಚಿದ್ದೇನೆ. ಕೋಪ ಮಾಡಿಕೊಳ್ಳಬೇಡ. ಸೀಳು ದೊಡ್ಡದಿತ್ತು, ಬೇರೆ ದಾರಿ ಇರಲಿಲ್ಲ.

ಅವಳು ಎಲ್ಲಿಗೆ ಹೋದರೂ ಇದು ಜೊತೆಗೆ ಹೋಗಲಿ. ಆದರೆ ಹೋಗದಿರಲಿ. ನಿನ್ನ ಕೋಣೆಯಲ್ಲಿ ಜಾಗವಿಲ್ಲದಿದ್ದರೆ ಮೇಜಿನ ಕೆಳಗೇ ಮಲಗಲಿ. ಅವಳಿಗೆ ಅದೇ ಇಷ್ಟ ಎಂದು ನೀನೇ ಬರೆದಿದ್ದೀಯಲ್ಲ.

ಅತ್ತಿಗೆ


ಮೇ ೨೯

ನಾದಿನಿ, ಉತ್ತರ ಇಲ್ಲ. ಮಗು ಹೋಯಿತೇ? ಹೋಯಿತು ಅಥವಾ ಇಲ್ಲ, ಅಷ್ಟು ಬರೆ.


ಜೂನ್ ೩

ಅತ್ತಿಗೆ,

ಹೋಗಿಲ್ಲ. ಮೊದಲು ಅದನ್ನು ಓದಿಕೊಳ್ಳಿ. ಮೊಂಡಿ ಹೋಗಿಲ್ಲ, ಹೋಗುವುದೂ ಇಲ್ಲ. ಈಗ ನನ್ನ ಪಕ್ಕದಲ್ಲೇ ಕೂತು ಗುಂಡಿಗಳನ್ನು ಬಣ್ಣಬಣ್ಣವಾಗಿ ಬೇರೆ ಮಾಡುತ್ತಿದ್ದಾಳೆ.

ಕೌದಿ ಬಂದ ಮಧ್ಯಾಹ್ನ ಶಟರು ಅರ್ಧ ಎಳೆದು ಮೇಜಿನ ಮೇಲೆ ಹರಡಿದೆ. ನಿಮ್ಮ ಹೊಲಿಗೆ ನೋಡಿ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಮೊಂಡಿಯನ್ನು ಕರೆದೆ. “ನೋಡೇ, ಅಪ್ಪನ ಅಂಗಿ, ಅಮ್ಮನ ಕೈ” ಎಂದು ಅವಳ ಹೆಗಲ ಮೇಲೆ ಹೊದಿಸಿದೆ. ಅವಳು ಅಲುಗಾಡಲಿಲ್ಲ. ನಿಂತಲ್ಲೇ ಒದ್ದೆ ಮಾಡಿಕೊಂಡಳು. ಆಮೇಲೆ ಕೌದಿಯನ್ನು ಕೊಡವಿ ಮೇಜಿನ ಕೆಳಗೆ ನುಗ್ಗಿದಳು. ನಾನೂ ನುಗ್ಗಿದೆ. ಚಿಂದಿಗಳ ನಡುವೆ ಇಬ್ಬರೂ ಕೂತೆವು. ಕೌದಿಯ ಅಂಚು ಮೇಜಿನಿಂದ ನಮ್ಮ ಮುಂದೆ ಇಳಿಬಿದ್ದಿತ್ತು. ಅವಳು ಬೆರಳು ಚಾಚಿ ಒಂದೊಂದು ತುಂಡನ್ನೂ ಮುಟ್ಟುತ್ತ ಹೇಳಿದಳು, ಶಾಲೆಯ ಪಾಠ ಒಪ್ಪಿಸುವ ದನಿಯಲ್ಲಿ.

“ಈ ನೀಲಿ ಗೀಟಿಂದು, ಅಮ್ಮನ ಹಲ್ಲು. ಈ ಬಿಳೀದು, ಬಾಗಿಲ ಸಂದೀಲಿ ಅಮ್ಮನ ಬೆರಳು. ಈ ಹಸಿರು ಹಾಕ್ಕೊಂಡಾಗ ಬರೀ ಬೈದಿದ್ದು. ಇದು ಒಳ್ಳೇ ಅಂಗಿ ಅತ್ತೆ.”

ಆಮೇಲೆ ಕೌದಿಯನ್ನು ಕೆಳಕ್ಕೆ ಎಳೆದು ನೀವು ಹಚ್ಚಿದ ತೇಪೆಯ ಮೇಲೆ ಅಂಗೈ ಇಟ್ಟಳು. “ಇದರ ಕೆಳಗೆ ಕಂದು ಚೌಕಳಿ ಇದೆ ಅಲ್ವಾ? ಅದು ಇಸ್ತ್ರಿ ದಿನದ್ದು. ಅಮ್ಮನ ಬೆನ್ನು ಸುಟ್ಟ ವಾಸನೆ ಬಂತು. ನಾನು ಎದ್ದುಬಿಡ್ತೀನಿ ಅಂತ ಅಮ್ಮ ಬಾಯಿಗೆ ದಿಂಬು ಇಟ್ಕೊಂಡಿದ್ಳು. ನಾನು ಎದ್ದೇ ಇದ್ದೆ.”

ಅತ್ತಿಗೆ, ಆ ಅಂಗಿಗಳನ್ನು ಹೊಲಿದವಳು ನಾನು. ತೋಳು ಸಲೀಸಾಗಿ ಮೇಲಕ್ಕೆ ಏಳಬೇಕು, ಕಂಕುಳ ಹತ್ತಿರ ಸ್ವಲ್ಪ ಸಡಿಲ ಬಿಡು ಎಂದು ಅಣ್ಣ ಪ್ರತಿ ಸಲವೂ ಹೇಳುತ್ತಿದ್ದ. ಕೆಲಸದಲ್ಲಿ ಭಾರ ಎತ್ತುತ್ತಾನೆ ಪಾಪ, ಎಂದುಕೊಂಡು ನಾನು ಬಿಡುತ್ತಿದ್ದೆ. ಬಚ್ಚಲಲ್ಲಿ ಜಾರುತ್ತೀಯ ಎಂದು ನಿಮ್ಮನ್ನು ಆಡಿಕೊಂಡ ಬಾಯಿಗೆ ಏನು ಹಾಕಿಕೊಳ್ಳಲಿ ನಾನು?

ಮಾರನೇ ದಿನ ದೊಡ್ಡಣ್ಣ ಬಂದ, ಮಗುವಿನ ಬಟ್ಟೆಗೆಂದು ಚೀಲ ಹಿಡಿದುಕೊಂಡು. ಶಟರಿನ ಕೆಳಗೆ ಬಗ್ಗಿ ಒಳಗೆ ಬಂದು, “ರೆಡಿನಾ ಮಗು?” ಎಂದ.

“ಕಳಿಸಲ್ಲ ಅಣ್ಣ” ಎಂದೆ.

“ಏನಂದೆ?”

“ದೊಡ್ಡತ್ತಿಗೆಯ ತೋಳು ನೋಡಿದ ಮೇಲೆ ಮಾತಾಡೋಣ.”

ಕೆನ್ನೆಗೆ ಬಾರಿಸಿದ. ಮಿಷನ್ನಿನ ಮೇಲೆ ಹೋಗಿ ಬಿದ್ದೆ. ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು. ಎಡಕಿವಿಯಲ್ಲಿ ಇಂದಿಗೂ ಗುಂಯ್ ಎನ್ನುತ್ತಿದೆ. “ನಿನಗೂ ಅವಳ ಗಾಳಿ ಬಡೀತಾ?” ಎನ್ನುತ್ತ ಮೇಜಿನ ಕೆಳಗಿದ್ದ ಮೊಂಡಿಯ ಕಾಲು ಹಿಡಿದು ಎಳೆದ. ಅವಳು ಮಿಷನ್ನಿನ ಕಬ್ಬಿಣದ ಕಾಲನ್ನು ಅಪ್ಪಿಕೊಂಡಳು. ಕಿರುಚಲಿಲ್ಲ. ಕಿರುಚಬಾರದು ಎಂದು ಆ ಮಗುವಿಗೆ ಯಾರು ಕಲಿಸಿದರು ಎಂದು ನನಗೆ ಆಗ ಹೊಳೆಯಿತು. ಅವಳ ಹಿಡಿತ ತಪ್ಪಿತು. ಅವನು ಬಗ್ಗಿ ಹೊರಗೆ ದಾಟಿ, ಅವಳನ್ನು ನೆಲದ ಮೇಲೆ ಎಳೆಯುತ್ತಿದ್ದ. ಅವನ ಮೈ ಹೊರಗೆ, ಕೈ ಒಳಗೆ. ನಾನು ಎದ್ದು ಶಟರಿಗೆ ಜೋತುಬಿದ್ದು ನನ್ನ ಭಾರವನ್ನೆಲ್ಲ ಹಾಕಿ ಕೆಳಕ್ಕೆ ಎಳೆದೆ.

ಹೊಸ್ತಿಲಿಗೂ ಶಟರಿಗೂ ನಡುವೆ ಅವನ ಕೈ ಸಿಕ್ಕಿತು. ಅವನು ಅರಚಿದ ಸದ್ದಿಗೆ ಬೀದಿಯೇ ನಿಂತಿತು. ಬೆರಳು ಬಿಡಿಸಿಕೊಂಡು ಮೊಂಡಿ ಹಿಂದಕ್ಕೆ ತೆವಳಿದಳು. ಅಲ್ಲಿಗೆ ಸಾಕಾಗಿತ್ತು, ಅತ್ತಿಗೆ. ಮಗು ಬಿಡಿಸಿಕೊಂಡಿತ್ತು. ಅವನ ಅಂಗಿಯ ತೋಳು ಶಟರಿನ ತುದಿಗೆ ಸಿಕ್ಕಿಕೊಂಡಿದ್ದರಿಂದ ಕೈ ಇನ್ನೂ ಒಳಗೇ ಇತ್ತು, ಅಷ್ಟೇ. ಆಗ ನನ್ನ ಹಿಂದಿನಿಂದ ಮೊಂಡಿ ಕೂಗಿದಳು, “ಇನ್ನೊಂದ್ಸಲ ಅತ್ತೆ! ಇನ್ನೊಂದ್ಸಲ!”

ಶಟರು ಎತ್ತಿ ಮತ್ತೆ ಎಳೆದೆ. ಮೂಳೆ ಮುರಿದದ್ದು ನನ್ನ ಅಂಗೈಗೆ ತಿಳಿಯಿತು. ಮೊದಲನೆಯದು ಮಗುವಿಗಾಗಿ. ಎರಡನೆಯದು ಯಾರಿಗಾಗಿ ಎಂದು ಕೇಳಬೇಡಿ. ಅದು ಹಿತವಾಗಿತ್ತು. ಅದನ್ನು ನಿಮಗಲ್ಲದೆ ಇನ್ನಾರಿಗೆ ಬರೆಯಲಿ?

ಪೊಲೀಸರು ಬರುತ್ತಾರೆ ಎಂದು ಎರಡು ದಿನ ಕಾದೆ. ಯಾರೂ ಬರಲಿಲ್ಲ. ಮೆಟ್ಟಿಲಿನಿಂದ ಜಾರಿಬಿದ್ದೆ ಎಂದು ಡಾಕ್ಟರಿಗೆ ಹೇಳಿದ್ದಾನಂತೆ. ಕಿರಿ ತಂಗಿ ಕೈ ಮುರಿದಳು ಎಂದು ಯಾವ ಬಾಯಲ್ಲಿ ಹೇಳುತ್ತಾನೆ? ಸುದ್ದಿ ಹೇಳಲು ಬಂದವರು ದೊಡ್ಡತ್ತಿಗೆಯೇ. ನನ್ನ ಮುಂದೆ ಕೂತು ತೋಳನ್ನು ಮೊಣಕೈವರೆಗೆ ಮಡಚಿಕೊಂಡರು. ಅರ್ಧತೋಳಿನದು ಒಂದು ಹೊಲಿದುಕೊಡು ಎಂದರು.

ಕೌದಿಯನ್ನು ಇಸ್ತ್ರಿ ಮೇಜಿಗೆ ಹಾಸಿ ಮೊಳೆ ಹೊಡೆದಿದ್ದೇನೆ. ದಿನವೂ ಆ ಸತ್ತವನ ಅಂಗಿಗಳ ಮೇಲೆ ಬಿಸಿ ಪೆಟ್ಟಿಗೆ ಎಳೆಯುತ್ತೇನೆ. ನಿಮ್ಮ ಹೊಲಿಗೆ ಕೆಡುತ್ತದೆ ಎಂದು ಬೇಸರ. ಆ ಹಸಿರು ತುಂಡನ್ನು ಮಾತ್ರ ಮೊಂಡಿ ಬಿಡಿಸಿಕೊಂಡಳು. ತನಗೆ ತಾನೇ ಬೇರೆ ಕೌದಿ ಮಾಡಿಕೊಳ್ಳುತ್ತಾಳಂತೆ.

ಇನ್ನು ಮುಖ್ಯ ವಿಷಯ. ಮೊಂಡಿ ಚೆನ್ನಾಗಿದ್ದಾಳೆ ಎಂದು ನಾನು ಬರೆದಿದ್ದು ಸುಳ್ಳು. ಬಂದಾಗಿನಿಂದ ಬಾಯಿ ಬಿಟ್ಟು ಹತ್ತು ಮಾತು ಆಡಿರಲಿಲ್ಲ. ಈಗ ಏಕೆ ಎಂದು ಗೊತ್ತಾಗಿದೆ. ಶಟರಿನ ಆ ದಿನ, ಜನರೆಲ್ಲ ಹೋದ ಮೇಲೆ, ಸುಣ್ಣದ ಬಣ್ಣಕ್ಕೆ ತಿರುಗಿ ಕೂತಿದ್ದಳು. “ಅವತ್ತೂ ನಾನು ಹಾಗೇ ಕೂಗಿದೆ ಅತ್ತೆ” ಎಂದಳು. “ಅಪ್ಪ ಎರಡನೇ ಸಲ ಇಸ್ತ್ರಿ ಪೆಟ್ಟಿಗೆ ತಗೊಂಡ್ರು. ಅಮ್ಮ ಕಿತ್ಕೊಂಡು ಹೊಡೆದ್ಳು. ಇನ್ನೊಂದ್ಸಲ ಅಮ್ಮ ಅಂತ ಕೂಗ್ದೆ. ನಾನು ಅಂದಿದ್ದಕ್ಕೇ ಅಮ್ಮ ಮತ್ತೆ ಹೊಡೆದಿದ್ದಾ? ನಾನು ಸುಮ್ನಿದ್ದಿದ್ರೆ ಅಪ್ಪ ಸಾಯ್ತಿರ್ಲಿಲ್ವಾ? ಅಮ್ಮ ಮನೇಲೇ ಇರ್ತಿದ್ಳಾ?”

ನಾನು ಇಲ್ಲ ಇಲ್ಲ ಎಂದೆ. “ನೀವು ಅಲ್ಲಿರ್ಲಿಲ್ಲ” ಎಂದಳು. ಮೊಂಡಿ ತಾನೇ. ಅಮ್ಮನೇ ಹೇಳಬೇಕಂತೆ. ಅಮ್ಮ ಹೌದು ಎಂದರೆ ತಾನು ಎಂದೆಂದಿಗೂ ನಿಮ್ಮನ್ನು ನೋಡಲು ಬರುವುದಿಲ್ಲವಂತೆ, ಅಮ್ಮನನ್ನು ಒಳಗೆ ಹಾಕಿಸಿದ್ದು ತಾನೇ ಆದ್ದರಿಂದ. ಉಣ್ಣುವುದನ್ನೂ ಬಿಟ್ಟಿದ್ದಾಳೆ. ಬೇಗ ಬರೆಯಿರಿ ಅತ್ತಿಗೆ. ನಿಜ ಹೇಳಿ. ಆಗದಿದ್ದರೆ ಸುಳ್ಳಾದರೂ ಹೇಳಿ.

ನಿಮ್ಮ ಕತ್ತರಿ


ಜೂನ್ ೧೧

ನನ್ನ ಮೊಂಡಿಗೆ,

ಅತ್ತೆ ಇದನ್ನು ಗಟ್ಟಿಯಾಗಿ ಓದಲಿ. ಆಮೇಲೆ ನೀನೇ ಇನ್ನೊಂದು ಸಲ ಓದಿಕೋ.

ನೀನು ಕೂಗಿದೆ ಎಂದು ಅತ್ತೆ ಬರೆದಾಗಲೇ ನನಗೆ ಗೊತ್ತಾಗಿದ್ದು. ಅವತ್ತು ನನಗೆ ಏನೂ ಕೇಳಿಸಲಿಲ್ಲ. ಕಿವಿ ಮುಚ್ಚಿಹೋಗಿತ್ತು. ಬಾಗಿಲಲ್ಲಿ ನೀನು ನಿಂತಿರುವುದನ್ನು ನಾನು ನೋಡಿದ್ದೇ ಎಲ್ಲ ಮುಗಿದ ಮೇಲೆ. ಹೊಡೆದದ್ದು ನಾನು, ಮೊದಲನೆಯದೂ ನಾನೇ, ಆಮೇಲಿನದೂ ನಾನೇ. ನಿನ್ನ ಮಾತಿಗೆ ನಾನು ಯಾವತ್ತಾದರೂ ಕೆಲಸ ಮಾಡಿದ್ದೇನಾ? ಇನ್ನೊಂದು ಬಿಸ್ಕತ್ ಕೊಡು ಎಂದರೇ ಕೊಡದವಳು ನಾನು. ನೀನು ಕೂಗದಿದ್ದರೂ ನಾನು ಇಲ್ಲೇ ಇರುತ್ತಿದ್ದೆ.

ಈಗ ಊಟ ಮಾಡು. ನಿನ್ನ ಕೌದಿಗೆ ಬಟ್ಟೆ ನೀನೇ ಆರಿಸು. ದೊಡ್ಡವರು ಹೇಳಿದರು ಎಂದು ಯಾವ ತುಂಡನ್ನೂ ಹಾಕಬೇಡ. ದಿನವೂ ಅರ್ಧ ಗಂಟೆ ಸಿಗದಿದ್ದರೆ ಬೇಡ, ಹಲ್ಲುಜ್ಜುವ ಮುಂಚೆ ಒಂದು ಸಾಲು ಹಾಕು ಸಾಕು. ಸೊಟ್ಟಗಾದರೆ ಅತ್ತೆ ಬಿಚ್ಚು ಎನ್ನುತ್ತಾಳೆ, ಬಿಚ್ಚಬೇಡ. ಶನಿವಾರ ತೆಗೆದುಕೊಂಡು ಬಾ, ನೋಡುತ್ತೇನೆ.

ಅಮ್ಮ


ಜೂನ್ ೧೨

ಕತ್ತರಿ,

ಇದು ನಿನಗೆ ಮಾತ್ರ. ಅವಳಿಗೆ ಓದಲು ಬರುತ್ತದೆ, ಓದಿದ ತಕ್ಷಣ ಒಲೆಗೆ ಹಾಕು. ಇಲ್ಲಿ ಪತ್ರ ನೋಡಿ ಕಳಿಸುವವರು ಓದಿಕೊಳ್ಳಲಿ, ಅವರಿಗೆ ಇಂಥದ್ದು ಹೊಸದಲ್ಲ.

ಕೇಳಿಸಿತ್ತು.

ಮೊದಲನೇ ಏಟಿಗೇ ನಿಮ್ಮಣ್ಣ ಬಿದ್ದಿದ್ದರು. ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಉಸಿರಾಡುತ್ತಿದ್ದರು. ನಾನು ಪೆಟ್ಟಿಗೆಯನ್ನು ಚಾಪೆಯ ಮೇಲಿಟ್ಟು ನೀರು ತರಲು ತಿರುಗಿದ್ದೆ. ಆಗ ಬಾಗಿಲಿನಿಂದ ಅವಳ ದನಿ ಬಂತು. ನಾನು ಮತ್ತೆ ಎತ್ತಿಕೊಂಡೆ. ಆಮೇಲೆ ನಿಲ್ಲಿಸಲಿಲ್ಲ.

ಚಾಪೆಯ ಮೇಲೆ ಪೆಟ್ಟಿಗೆ ಸುಟ್ಟ ಗುರುತಿತ್ತು. ಕೆಳಗಿಟ್ಟದ್ದನ್ನು ಮತ್ತೆ ಏಕೆ ಎತ್ತಿದೆ ಎಂದು ಕೋರ್ಟಿನಲ್ಲಿ ಎಷ್ಟು ಸಲ ಕೇಳಿದರು! ನಾನು ಬಾಯಿ ಬಿಡಲಿಲ್ಲ. ಅದಕ್ಕೇ ಶಿಕ್ಷೆ ಉದ್ದವಾಯಿತು. ಆಗಲಿ, ಒಪ್ಪಿದ್ದೇನೆ.

ಶನಿವಾರ ಅವಳನ್ನು ಕರೆದುಕೊಂಡು ಬಾ. ಪತ್ರದ ಮಾತು ಅವಳಿಗೆ ಸಾಲದು, ಕಣ್ಣಲ್ಲಿ ಕಣ್ಣಿಟ್ಟು ಕೇಳಿಯೇ ಕೇಳುತ್ತಾಳೆ. ನಾನು ಬೆಳಿಗ್ಗೆಯಿಂದ ಗೋಡೆಯ ಕಡೆ ಮುಖ ಮಾಡಿ, ತಡವರಿಸದೆ ಹೇಳಲು ಅಭ್ಯಾಸ ಮಾಡುತ್ತಿದ್ದೇನೆ. ಕೇಳಿಸಲಿಲ್ಲ ಪುಟ್ಟಾ, ಅಮ್ಮನಿಗೆ ಏನೂ ಕೇಳಿಸಲಿಲ್ಲ.